ಇಂಗ್ಲಿಷ್ ಕಲಿಯುವವರು ಮೊದಲು ಹಿಡಿಯಬೇಕಾದದ್ದು ಯಾವುದು? ಟೆನ್ಸೋ, ಪದಗಳ ಜಾಗವೋ?

ಸಪ್ತಾಪುರ ಓದುಗ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವನು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಮೊದಲಿಂದ ಕನ್ನಡ ಮಾಧ್ಯಮ. ಗಣಿತ, ರೀಸನಿಂಗ್ ಹೇಗೋ ನಡೆಯುತ್ತೆ. ಇಂಗ್ಲಿಷ್ ಬಂದರೆ ಕೈಕಾಲು ಆಡಲ್ಲ. ಕ್ಲರ್ಕ್ ಪ್ರಿಲಿಮ್ಸ್‌ನ 100 ಅಂಕದಲ್ಲಿ 30 ಅಂಕ ಇಂಗ್ಲಿಷಿಗೆ. ಬೇರೆ ವಿಭಾಗಗಳನ್ನು ಈಗ ಕನ್ನಡದಲ್ಲೇ ಬರೆಯಬಹುದು, ಇದೊಂದನ್ನು ತಪ್ಪಿಸಿಕೊಳ್ಳಲು ಆಗಲ್ಲ.

ಕ್ಲಾಸಿನಲ್ಲಿ ಹನ್ನೆರಡು ಟೆನ್ಸ್‌ಗಳ ಚಾರ್ಟ್ ಬಾಯಿಪಾಠ ಮಾಡಿಸಿದ್ದಾರೆ. ‘ಹ್ಯಾಡ್ ಬೀನ್’ ಯಾವಾಗ ಬರುತ್ತೆ ಅಂತ ಕೇಳಿ, ಥಟ್ಟನೆ ಹೇಳುತ್ತೇನೆ. ಆದರೆ ಯಾರಾದರೂ ಎದುರು ನಿಂತು ‘ನಿನ್ನೆ ಎಲ್ಲಿದ್ದೆ, ಏನು ಮಾಡಿದೆ’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಬರಲ್ಲ. ವಾಕ್ಯದ ತುಂಡುಗಳನ್ನು ಸರಿಯಾಗಿ ಜೋಡಿಸಿ ಅನ್ನುವ ಪ್ರಶ್ನೆಯಲ್ಲೂ ಅಂಕ ಹೋಗುತ್ತಿದೆ. ಪದಗಳು ಗೊತ್ತು, ಟೆನ್ಸ್ ಗೊತ್ತು, ವಾಕ್ಯ ಮಾತ್ರ ಆಗ್ತಿಲ್ಲ. ನಾನು ಯಾವುದರಿಂದ ಶುರು ಮಾಡಬೇಕು? ಅನುಭವ ಇದ್ದವರು ಹೇಳಿ.

ಬೆಟಗೇರಿ ಟೀಚರ್:
ತಮ್ಮಾ, ಆ ಚಾರ್ಟನ್ನು ಸದ್ಯಕ್ಕೆ ಮಡಚಿಡು. ನಿನಗೆ ಬೇಕಾಗಿರುವುದು ಪದ ಎಲ್ಲಿ ಕೂರಬೇಕು ಅನ್ನುವ ಅರಿವು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಕಡೆಯ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದು ಕೂಡಿಬಂದರೆ ಉಳಿದದ್ದು ತಾನಾಗಿ ಸಲೀಸಾಗುತ್ತೆ.

ಕನ್ನಡದಲ್ಲಿ ‘ಎತ್ತು ಹುಡುಗನನ್ನು ತಳ್ಳಿತು’ ಅನ್ನು. ಈಗ ತಿರುಗಿಸಿ ‘ಹುಡುಗನನ್ನು ಎತ್ತು ತಳ್ಳಿತು’ ಅನ್ನು. ‘ತಳ್ಳಿತು ನೋಡು ಎತ್ತು, ಹುಡುಗನನ್ನು!’ ಅಂತಲೂ ಅನ್ನಬಹುದು. ಯಾವ ರೀತಿ ಹೇಳಿದರೂ ಬಿದ್ದವನು ಹುಡುಗನೇ. ಯಾಕೆ? ‘ಅನ್ನು’ ಅನ್ನುವ ವಿಭಕ್ತಿ ಪ್ರತ್ಯಯ ಹುಡುಗನಿಗೆ ಅಂಟಿಕೊಂಡಿದೆ. ಅವನು ವಾಕ್ಯದಲ್ಲಿ ಎಲ್ಲಿಗೆ ಹೋದರೂ ಅದು ಜೊತೆಗೇ ಹೋಗುತ್ತೆ. ಕೊನೆಯ ‘ತಳ್ಳಿತು’ ಕೂಡ ತಳ್ಳಿದ್ದು ಎತ್ತು, ಹುಡುಗ ಅಲ್ಲ ಅಂತ ಹೇಳುತ್ತೆ.

ಈಗ ಇಂಗ್ಲಿಷ್: ‘ದಿ ಬುಲ್ ಪುಶ್ಡ್ ದಿ ಬಾಯ್’. ಇದನ್ನು ತಿರುಗಿಸಿ ‘ದಿ ಬಾಯ್ ಪುಶ್ಡ್ ದಿ ಬುಲ್’ ಅಂದರೆ ಹುಡುಗನೇ ಎತ್ತನ್ನು ತಳ್ಳಿಬಿಟ್ಟ! ಪದ ಒಂದೂ ಬದಲಾಗಲಿಲ್ಲ. ಟೆನ್ಸ್ ಬದಲಾಗಲಿಲ್ಲ. ಜಾಗ ಬದಲಾಯಿತು, ಅಷ್ಟೇ. ನಮ್ಮಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅವರಲ್ಲಿ ಜಾಗ ಮಾಡುತ್ತೆ. ಹಾಗಾಗಿ ಇಂಗ್ಲಿಷಿನಲ್ಲಿ ಪದಕ್ರಮ ಅಂದರೆ ಅಲಂಕಾರ ಅಲ್ಲ, ಅದೇ ವ್ಯಾಕರಣ. ಟೆನ್ಸ್ ತಪ್ಪಿದರೂ ಎದುರಿನವರಿಗೆ ಅರ್ಥ ಆಗುತ್ತೆ. ‘ಐ ಗೋ ಗದಗ ಯೆಸ್ಟರ್ಡೇ’ ಅಂದರೆ ನೀನು ನಿನ್ನೆ ಗದಗಿಗೆ ಹೋಗಿದ್ದೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಜಾಗ ತಪ್ಪಿದರೆ ಯಾರು ಯಾರಿಗೆ ಏನು ಮಾಡಿದರು ಅನ್ನುವುದೇ ತಲೆಕೆಳಗಾಗುತ್ತೆ.

ನಾನು ಮಕ್ಕಳಿಗೆ ಹೇಳಿಕೊಡುವ ರೀತಿ ಇದು. ಒಂದು ಕನ್ನಡ ವಾಕ್ಯ ತಗೊಂಡು ತುಂಡು ಮಾಡು:

ನಾನು / ನಾಳೆ ಬೆಳಿಗ್ಗೆ / ಬಸ್ಸಿನಲ್ಲಿ / ಧಾರವಾಡಕ್ಕೆ / ಹೋಗುತ್ತೇನೆ.

‘ನಾನು’ ಇದ್ದಲ್ಲೇ ಇರಲಿ. ಈಗ ಕೊನೆಗೆ ಹಾರು, ಕ್ರಿಯಾಪದ ತಗೊ. ಅಲ್ಲಿಂದ ಒಂದೊಂದೇ ತುಂಡು ಹಿಂದಕ್ಕೆ ಬಾ:

ಐ / ವಿಲ್ ಗೋ / ಟು ಧಾರವಾಡ / ಬೈ ಬಸ್ / ಟುಮಾರೊ ಮಾರ್ನಿಂಗ್.

ನೋಡು, ಕರ್ತೃ ಒಂದನ್ನು ಬಿಟ್ಟರೆ ಉಳಿದ ವಾಕ್ಯ ಪೂರ್ತಿ ಹಿಂದುಮುಂದು. ಇನ್ನೊಂದು ನೋಡು. ‘ಅಪ್ಪ / ನಿನ್ನೆ / ತಂಗಿಗೆ / ಸೈಕಲ್ / ಕೊಡಿಸಿದರು’. ‘ಫಾದರ್ / ಬಾಟ್ / ಎ ಸೈಕಲ್ / ಫಾರ್ ಮೈ ಸಿಸ್ಟರ್ / ಯೆಸ್ಟರ್ಡೇ’. ದಿನಬಳಕೆಯ ಸಾದಾ ವಾಕ್ಯಗಳು ಬಹುತೇಕ ಹೀಗೇ ಬರುತ್ತವೆ.

ಒಂದು ಎಚ್ಚರ. ತುಂಡುಗಳನ್ನು ಹಿಂದುಮುಂದು ಮಾಡು, ಪ್ರತಿ ತುಂಡಿನ ಒಳಗಿನ ಪದಗಳನ್ನೂ ಕಣ್ಣು ಮುಚ್ಚಿ ತಿರುಗಿಸಬೇಡ. ‘ಕೆಂಪು ಸೀರೆ’ ಅಲ್ಲೂ ‘ರೆಡ್ ಸಾರಿ’ಯೇ. ‘ನನ್ನ ಅಣ್ಣನ ಅಂಗಡಿ’ ಅಲ್ಲೂ ‘ಮೈ ಬ್ರದರ್ಸ್ ಶಾಪ್’. ಬಣ್ಣ, ಗುಣ, ಸಂಖ್ಯೆ, ‘ನನ್ನ ನಿನ್ನ’ ಇವೆಲ್ಲ ಎರಡೂ ಭಾಷೆಯಲ್ಲಿ ಹೆಸರಿನ ಮುಂದೆಯೇ ಬರುತ್ತವೆ. ಇಷ್ಟಂತೂ ನಮಗೆ ಪುಕ್ಕಟೆ ಸಿಕ್ಕಿದೆ. ಆದರೆ ‘ಮೇಜಿನ ಮೇಲೆ’ ಅನ್ನುವುದು ‘ಆನ್ ದಿ ಟೇಬಲ್’ ಆಗುತ್ತೆ. ನಮ್ಮ ‘ಮೇಲೆ, ಒಳಗೆ, ಇಂದ, ಜೊತೆ’ ಎಲ್ಲ ಹೆಸರಿನ ಹಿಂದೆ, ಅವರವು ಮುಂದೆ.

ಬ್ಯಾಡಗಿ ಅಡತಿ:
ಅಕ್ಕೋರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಹೊರರಾಜ್ಯದ ಖರೀದಿದಾರರ ಜೊತೆ ದಿನಾ ವಾಟ್ಸಾಪ್‌ನಲ್ಲಿ ಇಂಗ್ಲಿಷಿನಲ್ಲೇ ಮಾತು. ನಮ್ಮ ಅಂಗಡಿಯ ಹುಡುಗ ಒಮ್ಮೆ ಒಬ್ಬ ಖರೀದಿದಾರರಿಗೆ ಹೀಗೆ ಕಳಿಸಿದ್ದ: ‘ಗುಂಟೂರು ಪಾರ್ಟಿ ಅವರ್ ಶಾಪ್ ಪೇಮೆಂಟ್ ಡನ್’. ಅವನ ಮನಸ್ಸಿನಲ್ಲಿ ಇದ್ದದ್ದು ‘ಗುಂಟೂರು ಪಾರ್ಟಿಗೆ ನಮ್ಮ ಅಂಗಡಿ ಪೇಮೆಂಟ್ ಮಾಡಿದೆ’. ಓದಿದವರು ತಿಳಿದದ್ದು ‘ಗುಂಟೂರಿನವರು ನಿಮಗೆ ದುಡ್ಡು ಕೊಟ್ಟಿದ್ದಾರೆ’ ಅಂತ. ಲೆಕ್ಕವೇ ಉಲ್ಟಾ. ಆ ‘ಗೆ’ ಇಂಗ್ಲಿಷಿಗೆ ಹೋಗುವಾಗ ದಾರಿಯಲ್ಲೇ ಉಳಿಯಿತು, ಅದರ ಬದಲು ಜಾಗ ಹಿಡಿಯಬೇಕಿತ್ತು, ಹಿಡಿಯಲಿಲ್ಲ.

ಈಗ ಆ ಹುಡುಗ ಸಣ್ಣ ಸಣ್ಣ ವಾಕ್ಯ ಬರೆಯುತ್ತಾನೆ. ಮೊದಲು ಯಾರು, ಆಮೇಲೆ ಏನು ಮಾಡಿದರು, ಆಮೇಲೆ ಯಾರಿಗೆ. ‘ಅವರ್ ಶಾಪ್ ಪೇಡ್ ಗುಂಟೂರು ಪಾರ್ಟಿ’. ‘ವಿ ಸೆಂಟ್ ಫಿಫ್ಟಿ ಬ್ಯಾಗ್ಸ್ ಫ್ರಮ್ ದಿ ಕೋಲ್ಡ್ ಸ್ಟೋರೇಜ್ ಯೆಸ್ಟರ್ಡೇ’. ಪುಸ್ತಕದ ಇಂಗ್ಲಿಷ್ ಅಲ್ಲ, ಆದರೆ ವ್ಯಾಪಾರಕ್ಕೆ ತೊಡಕಿಲ್ಲ. ಖರೀದಿದಾರರು ತಿರುಗಿ ಫೋನ್ ಮಾಡಿ ‘ಏನು ಅಂದಿದ್ದು’ ಅಂತ ಕೇಳುವುದು ನಿಂತಿದೆ.

ಕೇಶ್ವಾಪುರ ತಾಯಿ:
ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ನನ್ನ ಮಗಳು ಎರಡನೇ ತರಗತಿ. ಕರ್ತೃ, ಕರ್ಮ, ಕ್ರಿಯಾಪದ ಅಂತ ಏನೂ ಗೊತ್ತಿಲ್ಲದೆ ಟಿವಿ ನೋಡಿ ನೋಡಿ ‘ಐ ವಾಂಟ್ ದಟ್ ಒನ್’ ಅಂತಾಳೆ. ಯಾರೂ ಅವಳಿಗೆ ಪದದ ಜಾಗ ಹೇಳಿಕೊಡಲಿಲ್ಲ. ಕಿವಿಗೆ ಬಿದ್ದರೆ ಬರುತ್ತೆ. ನಿಯಮ ಅಂತ ಶುರು ಮಾಡಿದರೆ ಹೆದರಿಕೆಯೇ ಜಾಸ್ತಿ ಆಗುತ್ತೆ ಅಲ್ವಾ? ಕನ್ನಡವನ್ನು ನಾವು ಯಾರಾದರೂ ನಿಯಮ ಓದಿ ಕಲಿತೆವಾ?

ಬೆಟಗೇರಿ ಟೀಚರ್:
ಮಗುವಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಆ ವಯಸ್ಸಿಗೆ ನಿಯಮ ಬೇಡವೇ ಬೇಡ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆಗ ಆಸೆ ಪಟ್ಟದ್ದೂ ಇದನ್ನೇ, ಹಾಡು, ಆಟ, ಮಾತಿನಲ್ಲೇ ಮಕ್ಕಳಿಗೆ ಬರಲಿ ಅಂತ. ಆದರೆ ಹಳ್ಳಿಯ ಮಗುವಿಗೆ ವಾರಕ್ಕೆ ಕೆಲವು ಪೀರಿಯಡ್ ಬಿಟ್ಟರೆ ಕಿವಿಗೆ ಇಂಗ್ಲಿಷ್ ಬೀಳುವುದು ಎಲ್ಲಿ? ಮನೆಯಲ್ಲಿ ಇಲ್ಲ, ಹೊಲದಲ್ಲಿ ಇಲ್ಲ, ಬಸ್‌ಸ್ಟ್ಯಾಂಡಿನಲ್ಲೂ ಇಲ್ಲ. ಇಪ್ಪತ್ತು ದಾಟಿದ ಹುಡುಗನಿಗೆ ಪರೀಕ್ಷೆ ಬೇರೆ ಎದುರಿಗಿದೆ. ಅವನ ತಲೆಯಲ್ಲಿ ಕನ್ನಡದ ಕ್ರಮ ಗಟ್ಟಿಯಾಗಿ ಕೂತಿದೆ. ಅವನಿಗೆ ‘ಇಲ್ಲಿ ಹೀಗೆ, ಅಲ್ಲಿ ಹಾಗೆ’ ಅಂತ ಒಮ್ಮೆ ತೋರಿಸಿದರೆ ಎಷ್ಟೋ ತಿಂಗಳ ತಡಕಾಟ ಉಳಿಯುತ್ತೆ. ತೋರಿಸಿದ ಮೇಲೆ ಕೇಳುವುದು, ಓದುವುದು ಇದ್ದೇ ಇದೆ. ಅದಿಲ್ಲದೆ ಯಾರಿಗೂ ಬರಲ್ಲ. ಇದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ.

ದುರ್ಗದ ಬೈಲ್:
ನಮ್ಮ ಮನೆಮಾತು ಮರಾಠಿ, ಓಣಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಹಿಂದಿ ಎರಡೂ ನಡೆಯುತ್ತೆ. ಹುಬ್ಬಳ್ಳಿಯಲ್ಲಿ ಇದು ಹೊಸದೇನಲ್ಲ. ಅಕ್ಕೋರ ಮಾತು ಓದಿ ಒಂದು ಹೊಳೆಯಿತು. ಈ ನಾಲ್ಕೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುತ್ತೆ! ‘ಮಿ ಧಾರವಾಡಲಾ ಜಾತೋ’, ‘ಮೈ ಧಾರವಾಡ ಜಾತಾ ಹೂಂ’, ‘ನಾನು ಧಾರವಾಡಕ್ಕೆ ಹೋಗ್ತೀನಿ’. ಪದ ಬದಲಾಗುತ್ತೆ, ಜಾಗ ಬದಲಾಗಲ್ಲ. ಅದಕ್ಕೇ ನಮ್ಮ ಊರಿನಲ್ಲಿ ಶಾಲೆಗೇ ಹೋಗದವರು ಕೂಡ ಮೂರು ನಾಲ್ಕು ಭಾಷೆ ಸಲೀಸಾಗಿ ಆಡುತ್ತಾರೆ. ಬೇಂದ್ರೆಯವರ ಮನೆಮಾತೂ ಮರಾಠಿಯೇ ಅಲ್ವಾ. ನಾಲ್ಕು ಭಾಷೆ ಬರುವವನಿಗೆ ಐದನೆಯ ಇಂಗ್ಲಿಷ್ ಯಾಕೆ ಬರಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು. ನಮಗೆ ಕ್ರಮ ತಿರುಗುವ ಮೊದಲ ಭಾಷೆಯೇ ಇಂಗ್ಲಿಷ್. ದಡ್ಡತನದ ಪ್ರಶ್ನೆ ಅಲ್ಲವೇ ಅಲ್ಲ ಇದು.

ಗದಗ ನಿವೃತ್ತ ಮಾಸ್ತರ್:
ಬಹಳ ಒಳ್ಳೆ ಮಾತು ಹೇಳಿದಿರಿ. ಇದಕ್ಕೆ ಒಂದೆರಡು ವಿಷಯ ಸೇರಿಸುತ್ತೇನೆ.

ಜಗತ್ತಿನ ಭಾಷೆಗಳಲ್ಲಿ ಎರಡು ದೊಡ್ಡ ಗುಂಪು. ಒಂದರಲ್ಲಿ ಕ್ರಿಯಾಪದ ಕೊನೆಗೆ, ಇನ್ನೊಂದರಲ್ಲಿ ನಡುವೆ. ಕನ್ನಡ, ತಮಿಳು, ಹಿಂದಿ, ಜಪಾನಿ, ಟರ್ಕಿ ಭಾಷೆಗಳು ಮೊದಲ ಗುಂಪು. ಇಂಗ್ಲಿಷ್, ಚೀನಿ, ಫ್ರೆಂಚ್ ಎರಡನೆಯದು. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ಭಾಷಾವಿಜ್ಞಾನಿ 30 ಭಾಷೆಗಳನ್ನು ಹೋಲಿಸಿ ನೋಡಿದರು. ಕ್ರಿಯಾಪದ ಕೊನೆಗೆ ಇಡುವ ಭಾಷೆಗಳು ‘ಮೇಲೆ, ಒಳಗೆ’ ಅಂಥ ಪದಗಳನ್ನೂ ಹೆಸರಿನ ಹಿಂದೆಯೇ ಇಡುವುದು ಹೆಚ್ಚು ಅಂತ ತೋರಿಸಿದರು. ಅಂದರೆ ‘ಮೇಜಿನ ಮೇಲೆ’, ‘ಆನ್ ದಿ ಟೇಬಲ್’ ಬೇರೆ ಪಾಠ ಅಲ್ಲ. ಕ್ರಿಯಾಪದ ತಿರುಗಿದರೆ ಅದೂ ಜೊತೆಗೆ ತಿರುಗುತ್ತೆ. ಎರಡನ್ನೂ ಒಟ್ಟಿಗೇ ಕಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು, ಇಂಗ್ಲಿಷ್ ಕೂಡ ಮೊದಲು ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ವಿಭಕ್ತಿಯ ಹಾಗೆ ಹೆಸರುಗಳಿಗೆ ಪ್ರತ್ಯಯ ಇದ್ದವು. ಪದಗಳನ್ನು ಈಗಿನದಕ್ಕಿಂತ ಸಲೀಸಾಗಿ ಅತ್ತಿತ್ತ ಮಾಡಬಹುದಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಆ ಪ್ರತ್ಯಯಗಳು ಸವೆದು ಹೋದವು. ಪದದ ಕೊನೆಯ ಸ್ವರಗಳ ಉಚ್ಚಾರ ಸಡಿಲವಾದದ್ದು ಒಂದು ಕಾರಣ. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಜೊತೆ ಬೆರೆತದ್ದು ಇನ್ನೊಂದು ಅಂತ ವಿದ್ವಾಂಸರು ಹೇಳುತ್ತಾರೆ. ಪ್ರತ್ಯಯ ಹೋದ ಮೇಲೆ ಯಾರು ಮಾಡಿದರು, ಯಾರಿಗೆ ಮಾಡಿದರು ಅಂತ ಹೇಳಲು ಜಾಗವೇ ಗತಿ ಆಯಿತು. ಹಳೆಯದರ ಗುರುತು ಇನ್ನೂ ಇದೆ. ‘ಹಿ, ಹಿಮ್’, ‘ಶಿ, ಹರ್’, ‘ದೇ, ದೆಮ್’ ಇವು ‘ಅವನು, ಅವನನ್ನು’ ಇದ್ದ ಹಾಗೆಯೇ. ಕನ್ನಡ ವ್ಯಾಕರಣ ಚೆನ್ನಾಗಿ ಓದಿದ ಹುಡುಗನಿಗೆ ಇದನ್ನು ಹೇಳಿ ನೋಡಿ, ಕೂಡಲೇ ತಲೆಗೆ ಹೋಗುತ್ತೆ. ಕನ್ನಡ ಬಲವಾದರೆ ಇಂಗ್ಲಿಷ್ ಕುಗ್ಗುತ್ತೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದವರು. ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದವರೂ ಅವರೇ.

ಸಪ್ತಾಪುರ ಓದುಗ:
ಎಲ್ಲರಿಗೂ ಧನ್ಯವಾದ. ಅಕ್ಕೋರೆ, ನೀವು ಹೇಳಿದ ಹಾಗೆ ರೂಮಿನಲ್ಲಿ ಕೂತು ವಾಕ್ಯ ತುಂಡು ಮಾಡಿ ಹಿಂದಿನಿಂದ ಬರೆಯುತ್ತಿದ್ದೇನೆ. ಬಹಳಷ್ಟು ಸರಿ ಬರುತ್ತಿವೆ. ಆದರೆ ಕೆಲವು ಕಡೆ ಗಾಡಿ ನಿಲ್ಲುತ್ತೆ. ‘ನನಗೆ ಜ್ವರ ಬಂದಿದೆ’, ‘ನನಗೆ ಕನ್ನಡ ಗೊತ್ತು’, ‘ಹೊರಗೆ ಮಳೆ ಬರ್ತಿದೆ’, ‘ಅಣ್ಣ ಡ್ರೈವರ್’. ಇವುಗಳಲ್ಲಿ ‘ನಾನು’ ಅನ್ನುವವನೇ ಇಲ್ಲ, ಕೊನೆಯದರಲ್ಲಿ ಕ್ರಿಯಾಪದವೇ ಇಲ್ಲ. ಯಾವುದನ್ನು ಎಲ್ಲಿಗೆ ಒಯ್ಯುವುದು?

ಬೆಟಗೇರಿ ಟೀಚರ್:
ಒಳ್ಳೆ ಕಡೆಗೇ ಬಂದು ನಿಂತಿದ್ದೀಯ. ಇಂಗ್ಲಿಷಿನಲ್ಲಿ ಕರ್ತೃವಿನ ಜಾಗ, ಕ್ರಿಯಾಪದದ ಜಾಗ, ಎರಡೂ ಖಾಲಿ ಇರುವ ಹಾಗಿಲ್ಲ. ಇದನ್ನು ನೆನಪಿಡು, ನಿನ್ನ ನಾಲ್ಕೂ ವಾಕ್ಯ ಬಿಡಿಸಿಕೊಳ್ಳುತ್ತವೆ.

‘ನನಗೆ’ ಅಂತ ಶುರುವಾಗುವ ವಾಕ್ಯಗಳು ನಮ್ಮಲ್ಲಿ ರಾಶಿ ಇವೆ. ನನಗೆ ಹಸಿವು, ನನಗೆ ನೆನಪಿದೆ, ನನಗೆ ಇಷ್ಟ, ನನಗೆ ಬೇಕು, ನನಗೆ ಇಬ್ಬರು ಮಕ್ಕಳು. ನಮ್ಮಲ್ಲಿ ಜ್ವರ ಬರುತ್ತೆ, ನೆನಪು ಇರುತ್ತೆ, ನಾವು ಸುಮ್ನೆ ‘ನನಗೆ’ ಅಂತ ಪಕ್ಕದಲ್ಲಿ ಇರುತ್ತೇವೆ. ಇಂಗ್ಲಿಷಿನಲ್ಲಿ ಇಂಥ ಕಡೆ ಮನುಷ್ಯನೇ ಮುಂದೆ ಬಂದು ಕರ್ತೃ ಆಗುತ್ತಾನೆ. ‘ಐ ಹ್ಯಾವ್ ಫೀವರ್’, ‘ಐ ನೋ ಕನ್ನಡ’, ‘ಐ ರಿಮೆಂಬರ್’, ‘ಐ ವಾಂಟ್ ಟೀ’, ‘ಐ ಹ್ಯಾವ್ ಟೂ ಚಿಲ್ಡ್ರನ್’. ‘ನನಗೆ’ ಕಂಡ ಕೂಡಲೇ ಅದನ್ನು ‘ನಾನು’ ಮಾಡಿ ಮುಂದಕ್ಕೆ ತಾ. ‘ಟು ಮಿ ಫೀವರ್ ಕಮಿಂಗ್’ ಅನ್ನುವ ಗೊಂದಲ ಅಲ್ಲಿಗೇ ಮುಗಿಯುತ್ತೆ.

‘ಮಳೆ ಬರ್ತಿದೆ’ ಅನ್ನುವಲ್ಲಿ ಅವರು ‘ರೇನ್’ ಅನ್ನುವುದನ್ನೇ ಕ್ರಿಯಾಪದ ಮಾಡಿಬಿಡುತ್ತಾರೆ. ಆಗ ಕರ್ತೃ ಜಾಗ ಖಾಲಿ ಉಳಿಯುತ್ತೆ. ಅದನ್ನು ತುಂಬಲು ‘ಇಟ್’. ‘ಇಟ್ ಈಸ್ ರೇನಿಂಗ್ ಔಟ್‌ಸೈಡ್’. ಆ ‘ಇಟ್’ ಯಾರು ಅಂತ ಹುಡುಕಬೇಡ, ಜಾಗ ತುಂಬುವುದಷ್ಟೇ ಅದರ ಕೆಲಸ. ‘ಹೊತ್ತಾಯ್ತು’, ‘ಚಳಿ ಇದೆ’ ಇವಕ್ಕೂ ‘ಇಟ್ ಈಸ್ ಲೇಟ್’, ‘ಇಟ್ ಈಸ್ ಕೋಲ್ಡ್’. ‘ಅಣ್ಣ ಡ್ರೈವರ್’ ಕನ್ನಡದಲ್ಲಿ ಪೂರ್ಣ ವಾಕ್ಯ. ಅಲ್ಲಿ ಕ್ರಿಯಾಪದದ ಜಾಗಕ್ಕೆ ‘ಈಸ್’ ಬೇಕೇ ಬೇಕು. ‘ಮೈ ಬ್ರದರ್ ಈಸ್ ಎ ಡ್ರೈವರ್’.

ಇನ್ನೊಂದು. ನಾವು ಮಾತಾಡುವಾಗ ‘ಹೋದೆ, ನೋಡಿದೆ, ವಾಪಸ್ ಬಂದೆ’ ಅಂತ ಕರ್ತೃವನ್ನು ಬಿಟ್ಟೇ ಹೇಳುತ್ತೇವೆ. ‘ಹೋದೆ’ ಅಂದರೆ ನಾನು, ‘ಹೋದಳು’ ಅಂದರೆ ಅವಳು ಅಂತ ಪದವೇ ಹೇಳುತ್ತೆ. ‘ವೆಂಟ್’ ಅಂದರೆ ನಾನೋ ನೀನೋ ಅವಳೋ ಇಡೀ ಊರೋ ಗೊತ್ತಾಗಲ್ಲ. ಹಾಗಾಗಿ ಹೆಸರನ್ನೋ ‘ಐ, ಶಿ, ದೇ’ ಅನ್ನುವುದನ್ನೋ ಬಿಡಬೇಡ.

ರಾಣೆಬೆನ್ನೂರು ನರ್ಸ್:
ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಕೇಳಿಸಿಕೊಳ್ಳುವುದರ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ಕೊನೆಗೆ ಗೊತ್ತಾಗುತ್ತೆ. ‘ಈ ಪೇಷಂಟಿಗೆ ಮಧ್ಯಾಹ್ನ ಊಟ ಆದ ಮೇಲೆ ಈ ಮಾತ್ರೆ ಕೊಡ...’ ಅಲ್ಲಿಯವರೆಗೂ ಕೊಡಬೇಕೋ ಬೇಡವೋ ತಿಳಿಯಲ್ಲ. ನಮ್ಮ ಕಿವಿ ಕೊನೆಗೆ ಕಾಯುತ್ತೆ. ಇಂಗ್ಲಿಷಿನಲ್ಲಿ ‘ಡೋಂಟ್ ಗಿವ್’ ಅಂತ ಮೊದಲೇ ಬಂದು ಹೋಗಿರುತ್ತೆ. ಶುರುವಿನ ಎರಡು ಮೂರು ಪದ ತಪ್ಪಿಸಿಕೊಂಡರೆ ಇಡೀ ಮಾತಿನ ತಿರುಳೇ ಹೋಯಿತು. ನಮ್ಮ ಕಡೆಯಿಂದ ಹೊಸದಾಗಿ ಬರುವ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ: ಕಿವಿ ಮೊದಲ ಪದಕ್ಕೇ ತೆರೆದಿರಲಿ, ಅನುಮಾನ ಬಂದರೆ ಕೇಳಿಬಿಡಿ.

ಪ್ರಶ್ನೆ ಕೇಳುವುದನ್ನೂ ಅಕ್ಕೋರು ಬಿಡಿಸಿ ಹೇಳಿದರೆ ಚೆನ್ನಾಗಿರುತ್ತೆ. ಬರುವವರು ಎಲ್ಲರೂ ‘ವೇರ್ ಯು ಆರ್ ಗೋಯಿಂಗ್’ ಅಂತಲೇ ಕೇಳುತ್ತಾರೆ.

ಬೆಟಗೇರಿ ಟೀಚರ್:
ನಿಮ್ಮ ಮಾತ್ರೆಯ ಉದಾಹರಣೆ ನನ್ನ ಕ್ಲಾಸಿಗೆ ತಗೊಳ್ಳುತ್ತೇನೆ, ಅಷ್ಟು ಚೆನ್ನಾಗಿದೆ.

ನಾವು ಪ್ರಶ್ನೆ ಕೇಳುವಾಗ ಕೊನೆಗೆ ‘ಆ’ ಸೇರಿಸಿದರೆ ಮುಗಿಯಿತು. ‘ಬರ್ತೀಯ’, ‘ಬರ್ತೀಯಾ?’ ಜಾಗ ಅಲ್ಲಾಡಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಅಂತ ತೋರಿಸುವುದೂ ಜಾಗವೇ. ‘ಯು ಆರ್ ಕಮಿಂಗ್’ ಹೇಳಿಕೆ, ‘ಆರ್ ಯು ಕಮಿಂಗ್’ ಪ್ರಶ್ನೆ. ‘ಆರ್’ ಕರ್ತೃವನ್ನು ದಾಟಿ ಮುಂದೆ ಬಂತು, ಅಷ್ಟೇ. ‘ವೇರ್, ವೆನ್, ವೈ’ ಇದ್ದರೆ ಅದು ಇನ್ನೂ ಮುಂದೆ. ‘ವೇರ್ ಆರ್ ಯು ಗೋಯಿಂಗ್’. ದಾಟಲು ‘ಆರ್, ಈಸ್, ವಿಲ್, ಕ್ಯಾನ್’ ಥರದ್ದು ಯಾವುದೂ ಇಲ್ಲದಿದ್ದರೆ ‘ಡು’ ತಂದು ನಿಲ್ಲಿಸುತ್ತಾರೆ. ‘ಯು ಲೈಕ್ ಟೀ’ ಅನ್ನುವುದು ‘ಡು ಯು ಲೈಕ್ ಟೀ’ ಆಗುತ್ತೆ.

ಆದರೆ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿಕೊಂಡರೆ ದಾಟುವುದು ಬೇಡ. ‘ಅವನು ಎಲ್ಲಿದ್ದಾನೆ ಗೊತ್ತಿಲ್ಲ’ ಅನ್ನುವುದಕ್ಕೆ ‘ಐ ಡೋಂಟ್ ನೋ ವೇರ್ ಹಿ ಈಸ್’. ‘ವೇರ್ ಈಸ್ ಹಿ’ ಅಲ್ಲ. ಪರೀಕ್ಷೆಯ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ.

ಜಯನಗರ ಕ್ರಾಸ್:
ಈಗ ಫೋನ್ ಎಲ್ಲ ಅನುವಾದ ಮಾಡಿಕೊಡುತ್ತೆ. ಇಷ್ಟು ಕಷ್ಟ ಯಾಕೆ?

ಬ್ಯಾಡಗಿ ಅಡತಿ:
ಫೋನಿನಲ್ಲಿ ನಾವೂ ನೋಡುತ್ತೇವೆ, ಅನುಕೂಲ ಇದೆ. ಆದರೆ ದರದ ಮಾತು ಫೋನ್ ಕಾಲ್‌ನಲ್ಲಿ ನಡೆಯುವಾಗ ಟೈಪ್ ಮಾಡಿ ತೋರಿಸಲು ಪುರುಸೊತ್ತು ಎಲ್ಲಿ? ಇನ್ನೊಂದು, ಅದು ಕೊಟ್ಟ ಇಂಗ್ಲಿಷ್ ಸರಿಯೋ ತಪ್ಪೋ ತಿಳಿಯಲು ಯಾರು ಮೊದಲು, ಯಾರು ಆಮೇಲೆ ಅಂತ ನಮಗೆ ಗೊತ್ತಿರಬೇಕಲ್ಲ. ಕರ್ತೃ ಬಿಟ್ಟು ‘ಕೊಟ್ಟಿದ್ದಾರೆ’ ಅಂತ ಬರೆದರೆ ಅದು ಅವನು, ಅವಳು, ಅವರು ಯಾರನ್ನಾದರೂ ತಂದು ಕೂರಿಸುತ್ತೆ.

ಸಪ್ತಾಪುರ ಓದುಗ:
ಜೋಡಿಸುವ ಪ್ರಶ್ನೆ ಒಂದನ್ನು ಇಲ್ಲಿ ಹಾಕುತ್ತೇನೆ, ನಾನೇ ಮಾಡಿಕೊಂಡದ್ದು. ತುಂಡುಗಳು: ‘ಟು ದಿ ಮಾರ್ಕೆಟ್’, ‘ಹೂ ಗ್ರೋ ಕಾಟನ್’, ‘ಬ್ರಿಂಗ್ ಇಟ್’, ‘ದಿ ಫಾರ್ಮರ್ಸ್’, ‘ಇನ್ ಜಾನ್ಯುವರಿ’. ಮೊದಲು ಯಾರು ಅಂತ ಹುಡುಕಿದೆ, ‘ದಿ ಫಾರ್ಮರ್ಸ್’. ಆಮೇಲೆ ‘ಬ್ರಿಂಗ್ ಇಟ್ ಟು ದಿ ಮಾರ್ಕೆಟ್ ಇನ್ ಜಾನ್ಯುವರಿ’. ‘ಹೂ ಗ್ರೋ ಕಾಟನ್’ ಎಲ್ಲಿ ಇಡಬೇಕು? ಕನ್ನಡದಲ್ಲಿ ‘ಹತ್ತಿ ಬೆಳೆಯುವ ರೈತರು’ ಅನ್ನುತ್ತೇವೆ. ಹಾಗೆ ನೋಡಿದರೆ ಮುಂದೆ ಬರಬೇಕು, ಆದರೆ ಸರಿ ಅನ್ನಿಸುತ್ತಿಲ್ಲ.

ಗದಗ ನಿವೃತ್ತ ಮಾಸ್ತರ್:
ಸರಿ ಅನ್ನಿಸದೇ ಇದ್ದದ್ದು ಒಳ್ಳೆಯ ಲಕ್ಷಣ. ಒಂದೇ ಪದದ ಬಣ್ಣನೆ ಇಂಗ್ಲಿಷಿನಲ್ಲಿ ಹೆಸರಿನ ಮುಂದೆ, ಕ್ರಿಯಾಪದ ಸೇರಿದ ಉದ್ದದ ಬಣ್ಣನೆ ಹೆಸರಿನ ಹಿಂದೆ. ‘ಪೂರ್ ಫಾರ್ಮರ್ಸ್’, ಆದರೆ ‘ದಿ ಫಾರ್ಮರ್ಸ್ ಹೂ ಗ್ರೋ ಕಾಟನ್’. ನಮ್ಮಲ್ಲಿ ಎರಡೂ ಮುಂದೆಯೇ. ಹಾಗಾಗಿ ‘ದಿ ಫಾರ್ಮರ್ಸ್ ಹೂ ಗ್ರೋ ಕಾಟನ್ ಬ್ರಿಂಗ್ ಇಟ್ ಟು ದಿ ಮಾರ್ಕೆಟ್ ಇನ್ ಜಾನ್ಯುವರಿ’. ‘ಇನ್ ಜಾನ್ಯುವರಿ’ಯನ್ನು ವಾಕ್ಯದ ಶುರುವಿಗೆ ತಂದರೂ ತಪ್ಪಿಲ್ಲ. ಕಾಲ ಹೇಳುವ ತುಂಡಿಗೆ ಇಂಗ್ಲಿಷ್ ಅಷ್ಟು ಸಡಿಲ ಕೊಡುತ್ತೆ. ಕರ್ತೃ, ಕ್ರಿಯಾಪದ, ಕರ್ಮ ಈ ಮೂರಕ್ಕೆ ಕೊಡುವುದು ಬಹಳ ಅಪರೂಪ.

ಪ್ಯಾರಾ ಜೋಡಿಸುವ ಪ್ರಶ್ನೆಯಲ್ಲಿ ‘ಹಿ, ದಿಸ್, ಸಚ್, ದೇರ್‌ಫೋರ್’ ಇರುವ ವಾಕ್ಯವನ್ನು ಸಾಮಾನ್ಯವಾಗಿ ಮೊದಲು ಇಡಬೇಡ. ಅವು ಹಿಂದೆ ಹೇಳಿದ ಯಾರನ್ನೋ, ಯಾವುದನ್ನೋ ತೋರಿಸುತ್ತವೆ. ಹೆಸರು ಪೂರ್ತಿ ಇರುವ ವಾಕ್ಯ ಮುಂದೆ ಬರುವುದು ಹೆಚ್ಚು.

ಬೆಟಗೇರಿ ಟೀಚರ್:
ಮಾಸ್ತರ್ರು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊ ತಮ್ಮಾ. ಇನ್ನು ಮುಂದೆ ಹೀಗೆ ಮಾಡು. ದಿನಾ ಕನ್ನಡ ಪೇಪರಿನ ಒಂದು ಸಣ್ಣ ಸುದ್ದಿ ತಗೊ, ಪ್ರತಿ ವಾಕ್ಯವನ್ನೂ ಗೀಟು ಹಾಕಿ ತುಂಡು ಮಾಡು, ಇಂಗ್ಲಿಷಿನ ಜಾಗಕ್ಕೆ ಒಯ್ಯಿ. ಪದ ಗೊತ್ತಿಲ್ಲದಿದ್ದರೆ ಆ ತುಂಡನ್ನು ಕನ್ನಡದಲ್ಲೇ ಬಿಡು, ಜಾಗ ಮಾತ್ರ ಸರಿ ಇರಲಿ. ಬರೆದದ್ದನ್ನು ಗಟ್ಟಿಯಾಗಿ ಓದು. ಅದು ಕೈಗೆ ಹತ್ತಿದ ಮೇಲೆ ಆ ಟೆನ್ಸ್ ಚಾರ್ಟ್ ತೆಗಿ. ಕ್ರಿಯಾಪದದ ಜಾಗದಲ್ಲಿ ಯಾವ ರೂಪ ಕೂರಿಸಬೇಕು ಅನ್ನುವುದಷ್ಟೇ ಆಗ ಉಳಿದಿರುತ್ತೆ. ಅನುಮಾನ ಬಂದ ವಾಕ್ಯಗಳನ್ನು ಇಲ್ಲೇ ಹಾಕು, ನಾನು ಸಂಜೆ ಶಾಲೆ ಬಿಟ್ಟ ಮೇಲೆ ನೋಡುತ್ತೇನೆ.

ಸಪ್ತಾಪುರ ಓದುಗ:
ಆಗಲಿ ಅಕ್ಕೋರೆ. ನಮ್ಮ ರೂಮಿನ ಇನ್ನಿಬ್ಬರೂ ಸೇರಿಕೊಳ್ಳುತ್ತಾರಂತೆ. ನಾಳೆಯ ಪೇಪರಿನಿಂದಲೇ ಶುರು ಮಾಡಿ, ರಾತ್ರಿ ಮೂವರದ್ದೂ ಒಟ್ಟಿಗೆ ಹಾಕುತ್ತೇವೆ.